ಟ್ಯಾಬ್ಲೆಟ್ಟಿಗೆ ಮೌಸ್ ಬೇಕೆ?

(ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಲೆಕ್ಕಪತ್ರಕ್ಕೆ ಒಂದು ಟ್ಯಾಬ್ಲೆಟ್ ಕೊಳ್ಳಬೇಕೆಂಬ ವಿಚಾರ ಈ ಸಭೆಯ ಮುಂದಿದೆ. ಕೊಳ್ಳುವುದಾದರೆ ಅದಕ್ಕೆ ಮೌಸ್ ಜೋಡಿಸುವ ಅನುಕೂಲ ಇರಬೇಕೆ, ಬೇಡವೆ ಎಂಬುದರ ಮೇಲೆ ಕಳೆದ ಸಭೆಯಲ್ಲಿ ಬಹಳ ಮಾತಾಯಿತು. “ಬೆರಳು ಮುಟ್ಟಿಸಿದರೆ ಕೆಲಸ ಮಾಡುವ ಯಂತ್ರಕ್ಕೆ ಇಲಿಯ ಬಾಲವೇಕೆ?” ಎಂದು ಹಿರಿಯರೊಬ್ಬರು ಕೇಳಿದರು. ನಾವೆಲ್ಲ ನಕ್ಕೆವು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಲು ಅಮೆರಿಕದ ಒಂದು ದೊಡ್ಡ ಕಂಪನಿಯೇ ಹತ್ತು ವರ್ಷ ತೆಗೆದುಕೊಂಡಿತು.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹಿಂದೆ ಬೇರೊಂದು ಊರಿನ ಸಂಘದಲ್ಲಿ ಕೆಲವು ತಿಂಗಳು ಲೆಕ್ಕ ಬರೆಯಲು ಸಹಾಯ ಮಾಡುತ್ತಿದ್ದೆ. ಹಾಲಿನ ಅಳತೆ, ಫ್ಯಾಟು, ದರ ಎಲ್ಲವನ್ನೂ ಟ್ಯಾಬ್ಲೆಟ್ಟಿನ ಪಟ್ಟಿಯಲ್ಲಿ ತುಂಬಬೇಕಾಗಿತ್ತು. ಪಟ್ಟಿ ನಮ್ಮ ಖಾತೆ ಪುಸ್ತಕದಂತೆಯೇ: ಅಡ್ಡಗೆರೆ, ಉದ್ದಗೆರೆ, ನಡುವೆ ಸಣ್ಣ ಸಣ್ಣ ಮನೆಗಳು. ನಾನು ಒಂದು ಮನೆಯ ಮೇಲೆ ಬೆರಳಿಟ್ಟರೆ ಅದರ ಕೆಳಗಿನ ಮನೆ ಹಿಡಿದುಕೊಂಡಿತು. ಬೆರಳೇ ಅಡ್ಡವಾಗಿದ್ದುದರಿಂದ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಒಬ್ಬ ಮುದುಕಿ ಐದು ದಿನ ಹಾಕಿದ ಹಾಲು ಕೆಳಗಿನ ಸಾಲಿನವರ ಲೆಕ್ಕಕ್ಕೆ ಹೋಯಿತು. ಬಟವಾಡೆಯ ದಿನ ಆಕೆ ಹಣವನ್ನು ಎರಡು ಸಲ ಎಣಿಸಿ, “ಏನಪ್ಪಾ, ಐದು ದಿನ ನನ್ನ ಎಮ್ಮೆ ಹಾಲೇ ಕೊಡಲಿಲ್ಲವೇನು?” ಎಂದು ಕೇಳಿದರು. ದಿನದಿನದ ಚೀಟಿಗಳನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದರು. ಅದರಿಂದ ತಪ್ಪು ಸಿಕ್ಕಿತು, ಹಣವೂ ಸಂದಿತು. ಚೀಟಿಯನ್ನು ಎಲ್ಲೋ ಬಿಸಾಡಿದವರಾಗಿದ್ದರೆ ಏನು ಮಾಡಬೇಕಾಗಿತ್ತು? ಅಂದು ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಬೆರಳ ತುದಿಯ ಅಗಲ ಸುಮಾರು ಒಂದು ಸೆಂಟಿಮೀಟರು. ಇದನ್ನು ಬಲ್ಲವರು, ಬೆರಳಿನಿಂದ ಒತ್ತುವ ಗುಂಡಿ ಗಾಜಿನ ಮೇಲೆ 9 ಮಿಲಿಮೀಟರಿನಷ್ಟಾದರೂ ಅಗಲವಿರಲಿ ಎಂದು ತಂತ್ರಾಂಶ ಬರೆಯುವವರಿಗೆ ಹೇಳಿದ್ದಾರೆ. ಆದರೆ ಇಡೀ ಊರಿನ ಲೆಕ್ಕವನ್ನು ಒಂದೇ ಪರದೆಯಲ್ಲಿ ನೋಡಬೇಕೆಂದರೆ ಸಾಲುಗಳು ಅಷ್ಟು ಅಗಲವಾಗಿರಲು ಹೇಗೆ ಸಾಧ್ಯ? ಮೌಸಿನ ಬಾಣದ ತುದಿಯಾದರೋ ಸೂಜಿಯ ಮೊನೆಯಂತೆ ಒಂದೇ ಚುಕ್ಕೆಯ ಮೇಲೆ ನಿಲ್ಲುತ್ತದೆ. ಒತ್ತುವುದಕ್ಕೆ ಮೊದಲೇ ಯಾವ ಮನೆಯ ಮೇಲಿದ್ದೇವೆಂಬುದು ಕಾಣುತ್ತದೆ. ಕನ್ನಡದಲ್ಲಿ ಸದಸ್ಯರ ಹೆಸರು ತಿದ್ದುವಾಗಲಂತೂ ಇದರ ಬೆಲೆ ಗೊತ್ತಾಗುತ್ತದೆ. ಒತ್ತಕ್ಷರ ತಪ್ಪಿದ ಕಡೆಗೇ ಬೆರಳನ್ನು ಒಯ್ದು ನಿಲ್ಲಿಸಲು ಹೋದರೆ ಅದು ಹಿಂದೊಂದು ಅಕ್ಷರಕ್ಕೆ, ಮುಂದೊಂದು ಅಕ್ಷರಕ್ಕೆ ಜಾರುತ್ತಲೇ ಇರುತ್ತದೆ.

ಈ ಮೌಸು ಇಂದು ನಿನ್ನೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಎಂಗಲ್‌ಬರ್ಟ್ ಎಂಬುವರು ಇದನ್ನು ಯೋಚಿಸಿದರು. ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರು 1964ರಲ್ಲಿ ಮಾಡಿಕೊಟ್ಟರು. ಮೊದಲನೆಯದು ಮರದ ಪೆಟ್ಟಿಗೆ. ಅಡಿಯಲ್ಲಿ ಎರಡು ಗಾಲಿ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ನಮ್ಮ ಊರಿನ ಬಡಗಿಗೆ ತೋರಿಸಿದ್ದರೆ ಮಧ್ಯಾಹ್ನದೊಳಗೆ ಪೆಟ್ಟಿಗೆಯನ್ನಾದರೂ ಕೆತ್ತಿಕೊಡುತ್ತಿದ್ದ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ದೊಡ್ಡ ಸಭೆಯೊಂದರಲ್ಲಿ ಎಂಗಲ್‌ಬರ್ಟರು ಇದನ್ನು ನಡೆಸಿ ತೋರಿಸಿದರು.

ಟ್ಯಾಬ್ಲೆಟ್ಟಿನ ಕಥೆ ಬೇರೆ. ಆಪಲ್ ಕಂಪನಿಯ ಐಪ್ಯಾಡು 2010ರಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕೆ ಕೀಲಿಮಣೆ ಜೋಡಿಸಬಹುದಾಗಿತ್ತು, ಮೌಸ್ ಜೋಡಿಸುವಂತಿರಲಿಲ್ಲ. ಬೆರಳೊಂದೇ ಸಾಕು ಎಂಬುದು ಅವರ ಲೆಕ್ಕ. ಅದೇ ವರ್ಷ ಆ ಕಂಪನಿಯ ಸ್ಟೀವ್ ಜಾಬ್ಸ್ ಅವರೇ ಇನ್ನೊಂದು ಮಾತನ್ನೂ ಹೇಳಿದ್ದರು: ನೆಟ್ಟಗೆ ನಿಂತ ಪರದೆಯನ್ನು ಮುಟ್ಟುತ್ತಾ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ತೋಳು ಸೋಲುತ್ತದೆ. ಮಡಿಲಲ್ಲಿರುವ ಟ್ಯಾಬ್ಲೆಟ್ಟಿಗೆ ಈ ಕಷ್ಟವಿಲ್ಲ, ನಿಜ. ಅದನ್ನೇ ಮೇಜಿನ ಮೇಲೆ ಒರಗಿಸಿ, ಮುಂದೆ ಕೀಲಿಮಣೆ ಇಟ್ಟು ಲೆಕ್ಕ ಬರೆಯಲು ಕುಳಿತರೆ ಏನಾಗುತ್ತದೆ? ಗಳಿಗೆಗೊಮ್ಮೆ ಕೈ ಎತ್ತಬೇಕು, ಇಳಿಸಬೇಕು. ಒಂದು ತಾಸು ಹಾಗೆ ಮಾಡಿ ನೋಡಿ, ಕಳೆ ಕಿತ್ತ ಬೆನ್ನಿನಂತೆ ಭುಜ ಮಾತಾಡುತ್ತದೆ.

ಉಳಿದವರು ಇಷ್ಟು ಬಿಗಿಯಾಗಿರಲಿಲ್ಲ. ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳು 2011ರಿಂದಲೇ ಮೌಸನ್ನು ಒಪ್ಪಿಕೊಂಡವು. ಮೈಕ್ರೋಸಾಫ್ಟ್ ಕಂಪನಿ 2012ರಲ್ಲಿ ತಂದ ಸರ್ಫೇಸ್ ಟ್ಯಾಬ್ಲೆಟ್ಟಿಗೆ ಮುಚ್ಚಳದಲ್ಲೇ ಕೀಲಿಮಣೆ ಸಿಗುತ್ತಿತ್ತು. ಐಪ್ಯಾಡಿಗೆ ಮೌಸು ಬಂದದ್ದು 2019ರಲ್ಲಿ. ಅದೂ ಎಲ್ಲರಿಗಾಗಿ ಅಲ್ಲ, ಬೆರಳಿನಿಂದ ಮುಟ್ಟಲು ಕಷ್ಟಪಡುವವರಿಗಾಗಿ, ವ್ಯವಸ್ಥೆಗಳ ಒಳಮನೆಯಲ್ಲಿ ಅಡಗಿಸಿಟ್ಟಂತೆ. 2020ರ ಮಾರ್ಚಿನಲ್ಲಿ ಬಾಗಿಲು ಪೂರ್ತಿ ತೆರೆಯಿತು.

ಬಂಧುಗಳೇ, ಕಷ್ಟಪಡುವವರಿಗಾಗಿ ಎಂಬ ಆ ಮಾತನ್ನು ಸ್ವಲ್ಪ ಯೋಚಿಸಬೇಕು. ಅವರು ಯಾರು? ಕೈ ನಡುಗುವ ಹಿರಿಯರು, ಬೆರಳು ಮಡಿಸಲಾಗದವರು. ನನ್ನನ್ನು ಕೇಳಿದರೆ ಈ ಸಭೆಯಲ್ಲಿ ಕುಳಿತಿರುವ ಅರ್ಧ ಜನವನ್ನೂ ಸೇರಿಸುತ್ತೇನೆ. ಟ್ಯಾಬ್ಲೆಟ್ಟಿನ ಗಾಜಿನಲ್ಲಿ ಬಹಳ ಅಲ್ಪವಾದ ವಿದ್ಯುತ್ತಿನ ಅಂಶವಿರುತ್ತದೆ. ಬೆರಳು ತಾಕಿದಾಗ ಅದು ಆ ಜಾಗದಲ್ಲಿ ಸ್ವಲ್ಪ ಬದಲಾಗುತ್ತದೆ. ಯಂತ್ರ ಅದನ್ನು ಕಂಡುಹಿಡಿಯುತ್ತದೆ. ಗುದ್ದಲಿ ಹಿಡಿದು ಜಡ್ಡುಗಟ್ಟಿ ಒಣಗಿದ ಬೆರಳಾದರೆ ಆ ಬದಲಾವಣೆ ಸರಿಯಾಗಿ ತಿಳಿಯದೆ ಹೋಗಬಹುದು. ಒದ್ದೆ ಕೈಯಾದರೆ ನೀರಿನ ಹನಿಯನ್ನೂ ಬೆರಳೆಂದೇ ಭ್ರಮಿಸಿ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ. ಬೆಳಿಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಒಣಗಿದ ಕೈ ಯಾರದಿರುತ್ತದೆ ಹೇಳಿ! “ನನಗೆ ಈ ಯಂತ್ರ ಬರುವುದಿಲ್ಲ” ಎಂದು ಹಿಂದೆ ಸರಿದ ಎಷ್ಟೋ ಮಂದಿಗೆ ಯಂತ್ರ ಬಾರದೆ ಹೋದದ್ದಲ್ಲ, ಯಂತ್ರಕ್ಕೆ ಅವರ ಕೈ ತಿಳಿಯದೆ ಹೋದದ್ದು. ಮೌಸಿಗೆ ಜಡ್ಡೂ ಒಂದೇ, ಮೆದುವೂ ಒಂದೇ.

ಹಾಗೆಂದು ಎಲ್ಲದಕ್ಕೂ ಮೌಸನ್ನೇ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಬದುವಿನ ಮೇಲೆ ನಿಂತು ಬೆಳೆಯ ಚಿತ್ರ ತೆಗೆಯುವವನು ಮೌಸನ್ನು ಎಲ್ಲಿ ಇಟ್ಟಾನು? ನಕ್ಷೆ ಸರಿಸುವುದಕ್ಕೆ, ಹಿಗ್ಗಿಸಿ ನೋಡುವುದಕ್ಕೆ, ದನದ ರೋಗದ ವಿಷಯ ಓದುವುದಕ್ಕೆ ಬೆರಳಿನಷ್ಟು ಸಲೀಸು ಬೇರೆ ಇಲ್ಲ. ಬಿತ್ತುವುದಕ್ಕೆ ಕೂರಿಗೆ, ಕೊಯ್ಯುವುದಕ್ಕೆ ಕುಡುಗೋಲು. ಒಂದು ಮನೆಯಲ್ಲಿ ಎರಡೂ ಇರುತ್ತವೆ. ಮೌಸನ್ನು ವಿರೋಧಿಸುವವರ ಒಂದು ಮಾತಿನಲ್ಲಿ ಮಾತ್ರ ಹುರುಳಿದೆ. ಮೌಸು ಬಂತೆಂದರೆ ತಂತ್ರಾಂಶ ಬರೆಯುವವರು ಗುಂಡಿಗಳನ್ನು ರಾಗಿ ಕಾಳಿನಷ್ಟು ಮಾಡಿಬಿಟ್ಟಾರು, ಆಮೇಲೆ ಬೆರಳಿನವರ ಪಾಡೇನು ಎನ್ನುತ್ತಾರೆ. ಆ ಭಯ ನನಗೂ ಇದೆ. ಆದ್ದರಿಂದಲೇ, ಮೌಸು ಜೋಡಿಸಲು ಬರಬೇಕು, ಆದರೆ ಮೌಸು ಇಲ್ಲದಿದ್ದರೆ ಕೆಲಸವೇ ನಡೆಯದು ಎಂಬಂಥ ತಂತ್ರಾಂಶವನ್ನು ನಾವು ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೊಳ್ಳುವ ವಿಷಯ. ಟ್ಯಾಬ್ಲೆಟ್ಟಿಗೆ ಸಾಮಾನ್ಯವಾಗಿ ಒಂದೇ ತೂತು. ಅದಕ್ಕೆ ಮೌಸಿನ ತಂತಿ ಸಿಕ್ಕಿಸಿದರೆ ಚಾರ್ಜರಿಗೆ ಜಾಗವಿರುವುದಿಲ್ಲ. ಕರೆಂಟು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲವಾದ್ದರಿಂದ ಇದು ಸಣ್ಣ ಮಾತಲ್ಲ. ತಂತಿಯಿಲ್ಲದ ಬ್ಲೂಟೂತ್ ಮೌಸು ತಂದರೆ ತೂತು ಉಳಿಯುತ್ತದೆ, ಆದರೆ ಅದರ ಸೆಲ್ಲು ಮುಗಿದಾಗ ಬದಲಿಸಲು ಒಂದು ಜೊತೆ ಕಪಾಟಿನಲ್ಲಿರಬೇಕು. ತಂತಿಯದೇ ಬೇಕಾದರೆ ನಡುವೆ ಓಟಿಜಿ ಎಂಬ ಸಣ್ಣ ತುಂಡು ಬೇಕಾಗಬಹುದು. ಯಾರಾದರೂ ಹಳೆಯ ಐಪ್ಯಾಡನ್ನು ಅಗ್ಗಕ್ಕೆ ಕೊಡುತ್ತೇನೆಂದರೆ ಎಚ್ಚರ: 2013ರ ಮೊದಲ ಐಪ್ಯಾಡ್ ಏರ್ ಮತ್ತು ಅದಕ್ಕಿಂತ ಹಿಂದಿನವಕ್ಕೆ ಈ ಮೌಸಿನ ಅನುಕೂಲ ಬರಲೇ ಇಲ್ಲ.

ಅಂಗಡಿಯವರು “ಎಲ್ಲವೂ ಆಗುತ್ತದೆ ಸ್ವಾಮಿ” ಎನ್ನುತ್ತಾರೆ. ಅಲ್ಲಿಯೇ ಜೋಡಿಸಿ, ನಮ್ಮ ಲೆಕ್ಕದ ಪಟ್ಟಿಯನ್ನೇ ತೆರೆದು, ಹತ್ತು ಸಾಲು ಬರೆದು ನೋಡಬೇಕು. ಕಾರ್ಯದರ್ಶಿಗಳು ಪೇಟೆಗೆ ಹೋಗುವ ದಿನ ನಾನೂ ಜೊತೆಗೆ ಬರುತ್ತೇನೆ. ನಮ್ಮ ಮನೆಯ ಹಳೆಯ ಮೌಸನ್ನು ಚೀಲದಲ್ಲಿ ಹಾಕಿಕೊಂಡಿರುತ್ತೇನೆ.