ಗ್ರಾಫ್‌ನಲ್ಲಿ ಬಿಟ್ಟುಹೋದ 17 ಚುಕ್ಕಿಗಳು

ಇವತ್ತು ಮಾತಾಡೋದು ಸ್ಕ್ಯಾಟರ್ ಪ್ಲಾಟ್ ಬಗ್ಗೆ. ಎರಡು ಕಾಲಂ ಅಂಕಿಗಳನ್ನು ಚುಕ್ಕಿಗಳಾಗಿ ಹಾಕಿ, ಒಂದು ಏರಿದಾಗ ಇನ್ನೊಂದು ಏನಾಗುತ್ತೆ ಅಂತ ನೋಡುವ ಚಿತ್ರ ಅದು. ಸಿಂಪಲ್ ಅನ್ಸುತ್ತೆ ಅಲ್ವಾ? ಆದರೆ ಯಾವ ಚುಕ್ಕಿ ಹಾಕಿದ್ವಿ, ಯಾವುದನ್ನು ಬಿಟ್ವಿ ಅನ್ನೋದರ ಮೇಲೆ ಏಳು ಜನರ ಜೀವವೇ ನಿಂತಿದ್ದ ಒಂದು ರಾತ್ರಿ ಇದೆ.

1986ರ ಜನವರಿ 27, ಅಮೆರಿಕ. ಮರುದಿನ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ವಿಪರೀತ ಚಳಿ. ರಾಕೆಟ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಓ-ರಿಂಗ್‌ಗಳು ಚಳಿಗೆ ಗಟ್ಟಿಯಾಗುತ್ತವೆ, ಹಾರಿಸಬೇಡಿ ಅಂತ ಆ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಹೇಳಿದರು. ಫೋನ್‌ನಲ್ಲೇ ಗಂಟೆಗಟ್ಟಲೆ ಚರ್ಚೆ ನಡೆಯಿತು.

ಅಲ್ಲಿ ಹೋಲಿಸಿದ್ದು ಓ-ರಿಂಗ್‌ಗೆ ಹಾನಿಯಾದ 7 ಹಾರಾಟಗಳನ್ನು ಮಾತ್ರ. ಅವುಗಳ ತಾಪಮಾನ 53ರಿಂದ 75 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 12ರಿಂದ 24 ಸೆಲ್ಸಿಯಸ್. ಚಳಿಯಲ್ಲೂ ಹಾನಿ, ಬೆಚ್ಚಗಿದ್ದಾಗಲೂ ಹಾನಿ. ಹಾಗಾದ್ರೆ ತಾಪಮಾನಕ್ಕೂ ಇದಕ್ಕೂ ಏನು ಸಂಬಂಧ ಅನ್ನೋ ಹಾಗೆ ಕಾಣುತ್ತಿತ್ತು.

ಈಗ ಹಾನಿಯೇ ಆಗದ 17 ಹಾರಾಟಗಳನ್ನೂ ಸೊನ್ನೆಯ ಗೆರೆ ಮೇಲೆ ಹಾಕಿ ನೋಡಿ. ಹದಿನೇಳೂ 66 ಡಿಗ್ರಿ ಅಥವಾ ಅದಕ್ಕಿಂತ ಮೇಲೆ! 63 ಮತ್ತು ಅದಕ್ಕಿಂತ ಕೆಳಗೆ ನಡೆದ 4 ಹಾರಾಟಗಳಲ್ಲಿ ನಾಲ್ಕಕ್ಕೂ ಹಾನಿ. 66ರ ಮೇಲಿನ 20ರಲ್ಲಿ ಬರೀ 3ಕ್ಕೆ. ಚಿತ್ರ ತಾನೇ ಮಾತಾಡುತ್ತೆ. "ಏನೂ ಆಗಿಲ್ಲ" ಅನ್ನೋದೂ ಡೇಟಾನೇ.

ಜನವರಿ 28ರ ಬೆಳಿಗ್ಗೆ ಹಾರುವಾಗ ಇದ್ದದ್ದು 36 ಡಿಗ್ರಿ. 73 ಸೆಕೆಂಡಿಗೆ ನೌಕೆ ಛಿದ್ರವಾಯಿತು. ಏಳೂ ಗಗನಯಾನಿಗಳು ಬದುಕಲಿಲ್ಲ. ತನಿಖೆ ಮಾಡಿದ ರೋಜರ್ಸ್ ಆಯೋಗ ತನ್ನ ವರದಿಯಲ್ಲಿ ಎರಡೂ ಗ್ರಾಫ್‌ಗಳನ್ನು ಪ್ರಕಟಿಸಿತು.

ಇದನ್ನೇ ನೀವು ಆರ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಮಾಡಿ ನೋಡಬಹುದು. ಕಾರಣ ಅಂತ ಅನುಮಾನ ಇರುವ ತಾಪಮಾನ ಅಡ್ಡ ಗೆರೆಗೆ, ಪರಿಣಾಮವಾದ ಹಾನಿಯ ಸಂಖ್ಯೆ ಉದ್ದ ಗೆರೆಗೆ. ಆರ್‌ನಲ್ಲಿ ಪ್ಲಾಟ್ ಅನ್ನೋ ಫಂಕ್ಷನ್‌ಗೆ ಎರಡು ಕಾಲಂ ಕೊಟ್ಟರೆ ಸಾಕು.

ಮೂರು ವಿಷಯ ನೆನಪಿಡಿ. ಒಂದು, ಫಿಲ್ಟರ್ ಹಾಕುವ ಮುಂಚೆ ಎಲ್ಲಾ ಸಾಲುಗಳನ್ನೂ ಒಮ್ಮೆ ನೋಡಿ. ಎರಡು, ಒಂದೇ ಜಾಗದಲ್ಲಿ ಬಿದ್ದ ಚುಕ್ಕಿಗಳು ಒಂದೇ ಚುಕ್ಕಿಯ ಹಾಗೆ ಕಾಣುತ್ತವೆ. ಜಿಟರ್ ಬಳಸಿ ಸ್ವಲ್ಪ ಸರಿಸಿ, ಇಲ್ಲವೇ ಬಣ್ಣ ತೆಳು ಮಾಡಿ. ಮೂರು, ನಿರ್ಧಾರ ಮಾಡಬೇಕಾದ ಅಂಕಿ ಅಡ್ಡ ಗೆರೆಯೊಳಗೆ ಇರಲಿ. ಸಾಫ್ಟ್‌ವೇರ್ ತಾನಾಗಿ 53ರ ಹತ್ತಿರವೇ ಗ್ರಾಫ್ ಶುರು ಮಾಡುತ್ತೆ. ನೀವೇ 30ರಿಂದ ಶುರು ಮಾಡಿದ್ರೆ, 36 ಡಿಗ್ರಿ ಅನ್ನೋದು ಹಿಂದಿನ ಎಲ್ಲಾ ಅನುಭವದಿಂದ ಎಷ್ಟು ದೂರ ಅನ್ನೋದು ಕಣ್ಣಿಗೆ ಹೊಡೆಯುತ್ತೆ.

ಹಾಗಂತ ಚುಕ್ಕಿಗಳೇ ಕಾರಣವನ್ನು ಸಾಬೀತು ಮಾಡಲ್ಲ. ವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯಲ್ಲೇ ಓ-ರಿಂಗ್ ತುಂಡನ್ನು ಐಸ್ ನೀರಲ್ಲಿ ಅದ್ದಿ, ರಬ್ಬರ್ ಬೇಗ ಹಿಗ್ಗಲ್ಲ ಅಂತ ತೋರಿಸಿದ್ರು. ಎಲ್ಲಿ ಹುಡುಕಬೇಕು ಅಂತ ಗ್ರಾಫ್ ಹೇಳುತ್ತೆ, ಯಾಕೆ ಅನ್ನೋದನ್ನು ಪ್ರಯೋಗ ಹೇಳುತ್ತೆ.

ಮುಂದಿನ ಸಲ ಯಾರಾದ್ರೂ ಗ್ರಾಫ್ ತೋರಿಸಿದ್ರೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಯಾವ ಚುಕ್ಕಿಗಳು ಇಲ್ಲ? ಮತ್ತೆ ಸಿಗೋಣ.