ಓದಿನ ನಡುವಿನ ಮಾತು

ಪುಸ್ತಕವೊಂದನ್ನು ಓದಿ ಮುಗಿಸಿದವರ ಮಾತಿಗೂ ಅದನ್ನು ಇನ್ನೂ ಓದುತ್ತಿರುವವರ ಮಾತಿಗೂ ಇರುವ ಅಂತರವನ್ನು ಸಾಹಿತ್ಯ ಚರ್ಚೆಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮುಗಿಸಿದವರ ಮಾತು ಬಹುಮಟ್ಟಿಗೆ ತೀರ್ಪು. ಓದುತ್ತಿರುವವರದು ನಾಳೆ ಬದಲಾಗಬಹುದಾದ ಅನಿಸಿಕೆ, ಮೆಚ್ಚುಗೆಯೊಂದಿಗೆ ಅನುಮಾನವೂ ಮುಂದೇನಾದೀತೆಂಬ ಕುತೂಹಲವೂ ಬೆರೆತದ್ದು. ಮೊದಲನೆಯದು ವಿಮರ್ಶೆಯೆಂಬ ಹೆಸರಿನಲ್ಲಿ ಪತ್ರಿಕೆಗಳಲ್ಲೂ ವಿಶ್ವವಿದ್ಯಾಲಯಗಳಲ್ಲೂ ಮನ್ನಣೆ ಪಡೆದಿದೆ. ಎರಡನೆಯದಕ್ಕೆ ಒಂದು ಹೆಸರು ಕೂಡ ಇಲ್ಲ. ಆದರೆ ಬೀಜಾಡಿ, ಗೋಪಾಡಿ, ಕೋಟೇಶ್ವರ, ಕುಂಭಾಶಿಗಳನ್ನೊಳಗೊಂಡ ಕುಂದಾಪುರದ ಕರಾವಳಿಯಲ್ಲಿ, ಒಟ್ಟಾರೆ ಕನ್ನಡ ನಾಡಿನಲ್ಲಿಯೂ, ಪುಸ್ತಕವನ್ನು ಜನರ ಬಾಯಲ್ಲಿ ಉಳಿಸಿದ್ದು ಹೆಚ್ಚಾಗಿ ಈ ಹೆಸರಿಲ್ಲದ ಮಾತೇ ಎಂದು ವಾದಿಸಲು ಸಾಕಷ್ಟು ಆಧಾರಗಳಿವೆ.

ಹಳೆಯ ಓದು ಕಿವಿಗೆ ಬೀಳುವ ಓದಾಗಿತ್ತು. ಒಬ್ಬರು ಕಾವ್ಯವನ್ನು ರಾಗವಾಗಿ ಓದುವುದಕ್ಕೆ ವಾಚನವೆಂದೂ, ಇನ್ನೊಬ್ಬರು ಪದ್ಯ ಪದ್ಯಕ್ಕೆ ನಿಂತು ಅರ್ಥವನ್ನು ಬಿಡಿಸುವುದಕ್ಕೆ ವ್ಯಾಖ್ಯಾನ ಅಥವಾ ಪ್ರವಚನವೆಂದೂ ಹೆಸರು. ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತ, ಇವೆಲ್ಲ ಆರು ಸಾಲಿನ ಪದ್ಯಗಳಾದ ಷಟ್ಪದಿಯಲ್ಲಿದ್ದು, ಸಂಧಿಗಳೆಂಬ ಭಾಗಗಳಾಗಿ ಒಡೆದಿರುವುದರಿಂದ ದಿನಕ್ಕಿಷ್ಟು ಎಂದು ಓದಿ ನಿಲ್ಲಿಸುವುದಕ್ಕೆ ಅನುಕೂಲವಾಗಿದ್ದವು. ಹೀಗೆ ಓದಿದಾಗ ಒಂದು ವಿಶೇಷ ಸಂಗತಿ ತಾನಾಗಿ ಒದಗುತ್ತಿತ್ತು: ಕೇಳುವವರೆಲ್ಲರೂ ಒಂದೇ ದಿನ ಕೃತಿಯ ಒಂದೇ ಸ್ಥಳದಲ್ಲಿರುತ್ತಿದ್ದರು. ದ್ಯೂತದ ಪ್ರಸಂಗ ಓದಿದ ಮರುದಿನ ಧರ್ಮರಾಯ ಮಾಡಿದ್ದು ಸರಿಯೇ ಎಂದು ಜಗಲಿಯಲ್ಲಿ ಜಗಳವಾಡಲು ಎಲ್ಲರಿಗೂ ಸಮಾನ ಅಧಿಕಾರವಿತ್ತು. ಅಕ್ಷರ ಬಾರದವರೂ ಆ ಅಧಿಕಾರದಿಂದ ಹೊರಗುಳಿಯಬೇಕಾಗಿರಲಿಲ್ಲ. ಕಥೆಯ ಕೊನೆ ಎಲ್ಲರಿಗೂ ಗೊತ್ತಿದ್ದುದರಿಂದ ಅದು ಬಯಲಾಗುವ ಭಯವೂ ಇರಲಿಲ್ಲ. ಕೊನೆಯನ್ನು ಹೇಳಿಬಿಡಬಾರದೆಂಬ ಇಂದಿನ ಶಿಷ್ಟಾಚಾರ ಕಾದಂಬರಿಯ ಜೊತೆಗೆ ಬಂದದ್ದು, ಪುರಾಣಕ್ಕೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಈ ನಡುವಿನ ಮಾತಿನ ಅತ್ಯುತ್ತಮ ಚಿತ್ರ ದೊರೆಯುವುದು ಇದೇ ಕರಾವಳಿಯ ಕೃತಿಯೊಂದರಲ್ಲಿ. ಕಾರ್ಕಳದ ಸಮೀಪದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಶಿಕ್ಷಕರಾಗಿದ್ದು, 1901ರಲ್ಲಿ ಕ್ಷಯದಿಂದ ತೀರಿಕೊಂಡ ಲಕ್ಷ್ಮೀನಾರಣಪ್ಪನವರು, ಮುದ್ದಣ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದವರು, ತಮ್ಮ ಶ್ರೀರಾಮಾಶ್ವಮೇಧವನ್ನು ಹಳೆಯ ಕವಿಯೊಬ್ಬನ ಕೃತಿಯೆಂಬಂತೆ ಮುದ್ರಣಕ್ಕೆ ಕಳುಹಿಸಿದರೆಂಬುದು ಸಾಹಿತ್ಯ ಚರಿತ್ರೆಯ ಪರಿಚಿತ ಸಂಗತಿ. ಮಳೆಗಾಲದಲ್ಲಿ ಹೊತ್ತು ಕಳೆಯಲು ಕಥೆ ಹೇಳೆಂದು ಮನೋರಮೆ ಗಂಡ ಮುದ್ದಣನನ್ನು ಕೇಳುವುದರಿಂದ ಆ ಗದ್ಯಕಾವ್ಯದ ಚೌಕಟ್ಟು ತೆರೆದುಕೊಳ್ಳುತ್ತದೆ. ಆಕೆ ಸುಮ್ಮನೆ ಹೂಂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯವೇ ಇರಲಿ ಎಂದು ಆರಿಸಿಕೊಳ್ಳುತ್ತಾಳೆ. ಸಂಸ್ಕೃತದ ಭಾರ ಹೆಚ್ಚಾದಾಗ ತಡೆದು ತಿಳಿಗನ್ನಡಕ್ಕೆ ಎಳೆತರುತ್ತಾಳೆ. ಕಥೆಯ ಮಧ್ಯೆ ಬಾಯಿ ಹಾಕಿ ಅಣಕಿಸುತ್ತಾಳೆ, ಅನುಮಾನಿಸುತ್ತಾಳೆ. ರಾಮನ ಕಥೆ ಆಕೆಗೆ ಹೊಸದೇನಲ್ಲ, ಆದರೂ ಅವಳ ಮಾತು ನಿಲ್ಲುವುದಿಲ್ಲ. ಇಂದಿನ ಅನೇಕ ಓದುಗರು ಆ ಕೃತಿಯಲ್ಲಿ ಅಶ್ವಮೇಧದ ಕುದುರೆಗಿಂತ ಈ ದಂಪತಿಗಳ ಸಲ್ಲಾಪವನ್ನೇ ಹೆಚ್ಚು ಬಲ್ಲರು, ಮತ್ತು ಅದರಲ್ಲಿ ಅನ್ಯಾಯವೇನೂ ಇಲ್ಲ.

ಮಳೆಗಾಲಕ್ಕೇ ಸೇರಿದ ಇನ್ನೊಂದು ಪದ್ಧತಿ ತಾಳಮದ್ದಳೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ವಾದಿಸುವ ಕಲೆ ಇದು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿಯ ವಾಲಿಯನ್ನೋ ರಾವಣನನ್ನೋ ಕೇಳಲು ಜನ ದೂರದಿಂದ ಬರುತ್ತಿದ್ದುದು ಕಥೆ ತಿಳಿಯುವುದಕ್ಕಲ್ಲ, ಪರಿಚಿತ ಕಥೆಯನ್ನು ಒಬ್ಬ ಸಮರ್ಥ ಓದುಗ ಈ ಸಲ ಹೇಗೆ ಓದಿದ್ದಾನೆಂದು ತಿಳಿಯುವುದಕ್ಕೆ. ಪುಸ್ತಕ ಓದಿದವರಿಬ್ಬರು ಎದುರುಬದುರು ಕುಳಿತು ಸಭೆಯ ಮುಂದೆ ವಾದಿಸುವ ಇಂತಹ ಏರ್ಪಾಡು ಬೇರೆಡೆ ಸುಲಭವಾಗಿ ಸಿಗುವಂಥದ್ದಲ್ಲ.

ಅಚ್ಚಿನ ಪುಸ್ತಕ ಅಗ್ಗವಾಗಿ, ಮೌನ ಓದು ರೂಢಿಯಾದ ಮೇಲೆ ಈ ಸಮಾನ ಹೆಜ್ಜೆ ತಪ್ಪಿತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇದಕ್ಕೆ ತಕ್ಕ ಉದಾಹರಣೆ. ಕೋಟದ ಬಳಿಯ ಕೋಡಿ (ಕುಂದಾಪುರದ ಪಕ್ಕದ ಕೋಡಿಯಲ್ಲ) ಎಂಬ ಕಡಲಂಚಿನ ಊರಿನಲ್ಲಿ ನಡೆಯುವ, ಮೂರು ತಲೆಮಾರುಗಳ ಈ ಕಾದಂಬರಿಯನ್ನು ಬೀಜಾಡಿಯವರು ತಮ್ಮ ನೆರೆಯ ಕಥೆಯಾಗಿ ಓದಬಲ್ಲರು. ಉಪ್ಪುನೀರು ನುಗ್ಗುವ ಗದ್ದೆ, ಮರಳು, ದುಡಿಯುವ ಪಾರೋತಿ ಮತ್ತು ಸರಸೋತಿ, ಪಿಟೀಲು ನುಡಿಸುವ ನಾಗವೇಣಿ, ಯಾವುದಕ್ಕೂ ಅಡಿಟಿಪ್ಪಣಿ ಬೇಕಾಗದು. ಆದರೆ ಇಬ್ಬರು ನೆರೆಯವರು ಅದನ್ನು ಏಕಕಾಲದಲ್ಲಿ ಓದುತ್ತಿದ್ದರೂ ಒಬ್ಬರು ಮೊದಲ ತಲೆಮಾರಿನ ರಾಮ ಐತಾಳರ ಕಾಲದಲ್ಲಿಯೂ ಇನ್ನೊಬ್ಬರು ಅವರ ಮೊಮ್ಮಗನ ಕಾಲದಲ್ಲಿಯೂ ಇರುತ್ತಾರೆ. ಪರಸ್ಪರ ಹೇಳಿಕೊಳ್ಳದ ಹೊರತು ಒಬ್ಬರ ಓದು ಇನ್ನೊಬ್ಬರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಸ್ವಲ್ಪ ಕಾಲ ಈ ಕೊರತೆಯನ್ನು ತುಂಬಿದ್ದು ವಾರಪತ್ರಿಕೆಗಳ ಧಾರಾವಾಹಿ, ಅಂದರೆ ವಾರಕ್ಕೊಂದು ಕಂತಿನಂತೆ ಪ್ರಕಟವಾಗುವ ಕಾದಂಬರಿ. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ಮನೆಗೆ ಬಂದಾಗ ಮೊದಲು ಯಾರ ಕೈಗೆ ಎಂಬ ಪೈಪೋಟಿಯೇ ನಡೆಯುತ್ತಿತ್ತು. ಕೊನೆ ಯಾರಿಗೂ ಗೊತ್ತಿಲ್ಲದೆ ಎಲ್ಲರೂ ಒಂದೇ ತಿರುವಿನಲ್ಲಿ ನಿಂತಿರುವ ಆ ವಾರದ ಬಿಡುವು, ಗಂಭೀರ ವಿಮರ್ಶಕರು ಧಾರಾವಾಹಿಗಳ ಬಗ್ಗೆ ಎಷ್ಟೇ ಮೂಗು ಮುರಿದರೂ, ಪುರಾಣದ ಜಗಲಿಯ ಮಾತನ್ನು ಬಸ್ ನಿಲ್ದಾಣಕ್ಕೂ ಅಡುಗೆಮನೆಗೂ ಮರಳಿಸಿತು.

ಕೆಲಸದ ನಡುವೆ ಕೇಳುವ ಓದಿನ ಮಾದರಿಗಳೂ ಇವೆ. ಕ್ಯೂಬಾದ ಹವಾನಾದಲ್ಲಿ ಚುಟ್ಟಾ ಕಾರ್ಖಾನೆಗಳ ಕೆಲಸಗಾರರಿಗೆ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ 1865ರಲ್ಲಿ ಆರಂಭವಾಯಿತು. ಕಾಸರಗೋಡಿನ ಆಚೆಗಿನ ಕಣ್ಣೂರಿನಲ್ಲಿಯೂ ಬೀಡಿ ಕಟ್ಟುವವರು ತಮ್ಮಲ್ಲೊಬ್ಬರನ್ನು ಓದಲು ಕೂರಿಸಿ, ಅವರು ಕಳೆದುಕೊಂಡ ಹೊತ್ತಿನ ಬೀಡಿಗಳನ್ನು ಉಳಿದವರೆಲ್ಲ ಸೇರಿ ಕಟ್ಟಿಕೊಡುತ್ತಿದ್ದರು. ಓದಿಗೆ ಕೂಲಿ ಕಟ್ಟಿದ ಈ ಲೆಕ್ಕಾಚಾರದಲ್ಲಿ ಎಷ್ಟೋ ಸಾಹಿತ್ಯ ಸಮ್ಮೇಳನಗಳಲ್ಲಿ ಕಾಣದ ಗೌರವವಿದೆ.

ಈಗ ಊರಿನ ಓದಿಗೆ ಅಧಿಕೃತ ನೆಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಅನಂತರ ಅರಿವು ಕೇಂದ್ರಗಳೆಂದು ಕರೆಯಲ್ಪಟ್ಟವು. ಅಲ್ಲಿನ ಎರವಲು ವಹಿಯಲ್ಲಿ ಪುಸ್ತಕದ ಸಂಖ್ಯೆ, ಒಯ್ದವರ ಹೆಸರು, ದಿನಾಂಕ ದಾಖಲಾಗುತ್ತವೆ. ಓದುಗ ಯಾವ ಪುಟದಲ್ಲಿ ನಿಂತ, ಏಕೆ ನಿಂತ ಎಂಬುದಕ್ಕೆ ಅದರಲ್ಲಿ ಕಾಲಮ್ಮಿಲ್ಲ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಬೋಧಿಸಲು ತೊಡಗಿ ಮುಂದೆ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಪಂಚಸೂತ್ರಗಳಲ್ಲಿ ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕೆಂಬುದು ಒಂದು. ಹಾಗೆ ಸಿಗುವಂತೆ ಮಾಡಲು ಸೂಚಿಪತ್ರ, ವರ್ಗೀಕರಣಗಳು ಬೇಕು ನಿಜ. ಆದರೆ ವೈದೇಹಿಯವರ ಕಥೆಗಳಲ್ಲಿ ಕುಂದಾಪುರದ ಹೆಂಗಸರ ಮಾತು ಕೇಳಿಸುತ್ತದೆಂದು ಪಕ್ಕದ ಮನೆಯವರು ಹೇಳುವುದು ಸೂಚಿಪತ್ರಕ್ಕಿಂತ ಬೇಗ ಕೆಲಸ ಮಾಡುತ್ತದೆ. ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ಕವಿತೆಯೊಂದು ಅರ್ಧಕ್ಕೆ ಕೈಕೊಟ್ಟಿತೆಂದು ಒಪ್ಪಿಕೊಳ್ಳುವುದೂ ಅಷ್ಟೇ ಉಪಯುಕ್ತ, ಏಕೆಂದರೆ ಅದೇ ಸಾಲಿನಲ್ಲಿ ತೊಡರಿಕೊಂಡ ಇನ್ನೊಬ್ಬರು ಹತ್ತಿರದಲ್ಲೇ ಇರಬಹುದು. ಓದುತ್ತಿರುವ ಪುಸ್ತಕ ಯಾವುದೆಂದು ಕೇಳಿದಾಗ ಗಣ್ಯ ಹೆಸರನ್ನೇ ಹೇಳಬೇಕೆಂಬ ಸಂಕೋಚ ಈ ಮಾತುಕತೆಯ ದೊಡ್ಡ ಶತ್ರು. ಅಡುಗೆ ಪುಸ್ತಕವೂ ಪತ್ತೇದಾರಿ ಕಾದಂಬರಿಯೂ ಅಲ್ಲಿ ಮುಜುಗರವಿಲ್ಲದೆ ಬರಬೇಕು.

ಇಂಥ ಮಾತುಕತೆಗೆ ಬೇಕಾದ ಬಿಡುವನ್ನು ಕರಾವಳಿಯಲ್ಲಿ ಮಳೆಗಾಲವೇ ಒದಗಿಸುತ್ತದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿರುತ್ತದೆ. ನಾಡದೋಣಿಯವರೂ ಸಮುದ್ರ ಒಪ್ಪಿದ ದಿನ ಮಾತ್ರ ಹೋಗುತ್ತಾರೆ. ಆ ಎರಡು ತಿಂಗಳಲ್ಲಿ ವಾರಕ್ಕೊಂದು ಸಂಜೆ ಕಾದಂಬರಿಯ ಕೆಲವು ಪುಟಗಳನ್ನು ಒಬ್ಬರು ಗಟ್ಟಿಯಾಗಿ ಓದಿ ನಿಲ್ಲಿಸಿದರೆ, ಗ್ರಂಥಾಲಯದಲ್ಲಿ ‘ಮರಳಿ ಮಣ್ಣಿಗೆ’ಯ ಒಂದೇ ಪ್ರತಿಯಿದ್ದರೂ ಇಪ್ಪತ್ತು ಜನಕ್ಕೆ ಸಾಕಾಗುತ್ತದೆ. ಮಳೆಗಾಲ ಮುಗಿಯುವಾಗ ಕಾದಂಬರಿ ಮುಗಿಯದೆ ಉಳಿದರೆ, ಮುಂದಿನ ಭಾಗವನ್ನು ಯಾರು ಮೊದಲು ಒಯ್ಯಬೇಕೆಂಬ ತಕರಾರನ್ನು ಗ್ರಂಥಪಾಲಕರು ಬಗೆಹರಿಸಿದರಾಯಿತು.