ಲಾಮಾಗಳ ಲೆಕ್ಕ ಇಟ್ಟ ನುಸಿ

ಮಕ್ಕಳೇ, ದಾರಿಯಲ್ಲಿ ಹಿಕ್ಕೆ ಬಿದ್ದಿದ್ದರೆ ನಾವೆಲ್ಲ ಮೂಗು ಮುಚ್ಚಿ ದಾಟಿಕೊಂಡು ಹೋಗುತ್ತೇವೆ, ಅಲ್ಲವೇ? ಆದರೆ ಅದೇ ಹಿಕ್ಕೆಯ ಜಾಡು ಹಿಡಿದು ಒಂದು ಹಳೆಯ ಸಾಮ್ರಾಜ್ಯದ ಸುದ್ದಿ ತಿಳಿದುಕೊಂಡವರಿದ್ದಾರೆ. ಬನ್ನಿ, ಅವರ ಹಿಂದೆ ನಾವೂ ಹೋಗೋಣ.

ದಕ್ಷಿಣ ಅಮೆರಿಕದ ಪೆರು ದೇಶ. ಅಲ್ಲಿನ ಆಂಡೀಸ್ ಬೆಟ್ಟಗಳ ನಡುವೆ, 3,355 ಮೀಟರ್ ಎತ್ತರದಲ್ಲಿ ಮಾರ್ಕಕೋಚ ಎಂಬ ಪುಟ್ಟ ಕೊಳವೊಂದಿತ್ತು. ಈಗ ಅದು ಹೂಳು ತುಂಬಿ ಹುಲ್ಲುಗಾವಲಾಗಿದೆ.

ಕೊಳದ ತಳದಲ್ಲಿ ಹೂಳು ಹೇಗೆ ಕೂರುತ್ತದೆ ಗೊತ್ತೇ? ಅಜ್ಜಿ ಜೋಳದ ರೊಟ್ಟಿ ಬೇಯಿಸುತ್ತಾ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸುವುದನ್ನು ನೆನೆಯಿರಿ. ಮೊದಲು ಬೆಂದದ್ದು ಅಡಿಯಲ್ಲಿ, ಈಗ ತಾನೇ ಬೆಂದದ್ದು ಮೇಲೆ. ಆ ಬುಟ್ಟಿಗೆ ಮೇಲಿನಿಂದ ಒಂದು ಕೊಳವೆ ಚುಚ್ಚಿ ಎತ್ತಿದರೆ, ಪ್ರತಿ ರೊಟ್ಟಿಯ ಚೂರೂ ಸಾಲಾಗಿ ಕೊಳವೆಯೊಳಗೆ ಬರುತ್ತದೆ!

ಅಲೆಕ್ಸ್ ಚೆಪ್‌ಸ್ಟೋ-ಲಸ್ಟಿ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಮಾರ್ಕಕೋಚದಲ್ಲಿ ಮಾಡಿದ್ದೂ ಇದನ್ನೇ. ಅವರಿಗೆ ಸಿಕ್ಕ ಕೆಸರಿನ ಕಂಬದಲ್ಲಿ ಸುಮಾರು 4,200 ವರ್ಷಗಳ ಪದರಗಳಿದ್ದವು.

ಒಂದೊಂದು ಪದರದಿಂದ ಚೂರು ಕೆಸರು ತೆಗೆದು, ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕ ನುಸಿಗಳು ಕಂಡವು. ಅವುಗಳ ಮೈಕವಚ ಗಟ್ಟಿ, ಕೆಸರಿನಲ್ಲಿ ಸುಲಭಕ್ಕೆ ಕೊಳೆಯುವುದಿಲ್ಲ.

ಈ ನುಸಿಗಳ ಊಟ ಯಾವುದು ಗೊತ್ತೇ? ಕೊಳದ ಸುತ್ತ ಮೇಯುತ್ತಿದ್ದ ಲಾಮಾಗಳ ಹಿಕ್ಕೆ! ಲಾಮಾ ಎಂದರೆ ಒಂಟೆಯ ಬಂಧು. ಡುಬ್ಬವಿಲ್ಲ, ಮೈತುಂಬ ಉಣ್ಣೆ. ಲಾಮಾ ಹೆಚ್ಚಿದರೆ ಹಿಕ್ಕೆ ಹೆಚ್ಚು, ಹಿಕ್ಕೆ ಹೆಚ್ಚಿದರೆ ನುಸಿ ಹೆಚ್ಚು. ನುಸಿ ಎಣಿಸಿದರೆ ಲಾಮಾಗಳ ಅಂದಾಜು ಸಿಕ್ಕಿತು.

ನಾವು ಹುಡುಕಿ ಹೊರಟ ಹಳೆಯ ಸಾಮ್ರಾಜ್ಯ ಇಂಕಾ ಜನರದು. ಅವರು ಆಳುತ್ತಿದ್ದ ಕಾಲದ ಪದರದಲ್ಲಿ ನುಸಿಗಳೋ ನುಸಿಗಳು. ಸರಕು ಹೊತ್ತ ಲಾಮಾಗಳ ಹಿಂಡು ಅಲ್ಲಿ ನೀರು ಕುಡಿದು ಮೇಯುತ್ತಿತ್ತು. ಆ ಹಿಕ್ಕೆ ಮೆಕ್ಕೆಜೋಳದ ಹೊಲಕ್ಕೆ ಒಳ್ಳೆಯ ಗೊಬ್ಬರ. 1532ರಲ್ಲಿ ಸ್ಪೇನಿನವರು ದಂಡೆತ್ತಿ ಬಂದ ಮೇಲಿನ ಪದರದಲ್ಲಿ ನುಸಿಗಳ ಸಂಖ್ಯೆ ಸರ್ರನೆ ಇಳಿಯಿತು. ರೋಗ, ಯುದ್ಧಗಳಿಗೆ ಸಿಕ್ಕಿ ಜನರೂ ಲಾಮಾಗಳೂ ಅಪಾರ ಸಂಖ್ಯೆಯಲ್ಲಿ ಸತ್ತಿದ್ದರು.

ಕೆಸರಿನಲ್ಲಿ ಹೂವಿನ ಪರಾಗವೂ ಇತ್ತು. 1100ರ ಸುಮಾರಿನಿಂದ ಅಲಿಸೊ ಎಂಬ ಮರದ ಪರಾಗ ಹೆಚ್ಚುತ್ತಾ ಬಂದಿತ್ತು. ಈ ಮರದ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣನ್ನು ಫಲವತ್ತಾಗಿಸುತ್ತವೆ; ಬೇರು ಇಳಿಜಾರಿನ ಮಣ್ಣು ಜಾರದಂತೆ ಹಿಡಿಯುತ್ತದೆ. ಅಲ್ಲಿನ ಜನ ಮರ ಬೆಳೆಸಿ ಹೊಲ ಕಾಪಾಡಿಕೊಂಡಿದ್ದರು ಎಂದು ವಿಜ್ಞಾನಿಗಳು ಊಹಿಸಿದ್ದು ಹೀಗೆ.

ನಮ್ಮೂರಿನ ಕೆರೆಯಲ್ಲೂ ಇಂಥ ಕತೆ ಸಿಗುತ್ತದೆಯೇ? ಹೂಳೆತ್ತಿ ಹೊಲಕ್ಕೆ ಹೊಡೆದಿರುವ ಕೆರೆಯಲ್ಲಿ ಪದರಗಳು ಕಲೆಸಿಹೋಗಿರುತ್ತವೆ. ಅದಕ್ಕೇ ಯಾರೂ ಕೆದಕದ ಜಾಗ ಬೇಕು. ಬಹುಕಾಲ ಕೆದಕದೆ ಬಿಟ್ಟ ಕೆರೆಯಲ್ಲಿ ಹೂಳೆತ್ತುವಾಗ ದೊಡ್ಡವರ ಜೊತೆ ಹೋಗಿ, ಕಡಿದ ಮಣ್ಣಿನ ಅಂಚನ್ನು ದೂರದಿಂದಲೇ ಗಮನಿಸಿ: ಬಣ್ಣ ಬೇರೆಬೇರೆಯಾದ ಗೆರೆಗಳು ಎಷ್ಟಿವೆ, ಅವುಗಳಲ್ಲಿ ಹಳೆಯದು ಯಾವುದು?